ಬಾಗಿಲು ಮುಚ್ಚಿದ್ದಷ್ಟು ಹೊತ್ತು

ಹೋದ ವಾರ ಕೋಲಾರದ ಮಾರುಕಟ್ಟೆಯಲ್ಲಿ ವೀಳ್ಯದೆಲೆ ಮಾರುವವಳೊಬ್ಬಳು ತನ್ನ ಎಲೆಕಟ್ಟುಗಳ ಮೇಲೆ ಹೊದಿಸಿದ್ದ ಗೋಣಿಗೆ ಚೆಂಬಿನಿಂದ ನೀರು ಚಿಮುಕಿಸಿದಳು. ಬಿಸಿಲಿಗೆ ಕಾದಿದ್ದ ಗೋಣಿಯಿಂದ ಒಂದು ವಾಸನೆ ಎದ್ದಿತು. ಒದ್ದೆ ಸೆಣಬಿನದು, ಅದರ ಜೊತೆ ಸ್ವಲ್ಪ ಮಣ್ಣಿನದು, ಹಸಿ ಸೊಪ್ಪಿನದು. ಕೊತ್ತಂಬರಿ ಕೊಳ್ಳಲು ಹೋಗಿದ್ದ ನಾನು ಅಲ್ಲೇ ನಿಂತುಬಿಟ್ಟೆ. ಹಿಂದಿನಿಂದ ಯಾರೋ "ಸ್ವಲ್ಪ ಪಕ್ಕಕ್ಕೆ ಹೋಗಮ್ಮ, ದಾರಿಗೆ ಅಡ್ಡ ನಿಂತಿದ್ದೀಯ" ಎಂದು ಗದರಿದರು. ಪಕ್ಕಕ್ಕೆ ಹೋದೆ. ಕೊತ್ತಂಬರಿ ಮರೆತೆ. ಮನೆಗೆ ಬಂದ ಮೇಲೂ ಮೂಗಿನಲ್ಲಿ ಅದೇ ವಾಸನೆ…

ಅದು ನಮ್ಮ ಪಕ್ಕದ ಮನೆ ದೊಡ್ಡಮ್ಮನ ಗೋಡೆಯ ವಾಸನೆ.

ರಕ್ತಸಂಬಂಧದಲ್ಲಿ ಆಕೆ ನನಗೆ ಏನೂ ಆಗಬೇಕಿರಲಿಲ್ಲ. ಮುಳಬಾಗಿಲಿನಿಂದ ಕುರುಡುಮಲೆಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ನಮ್ಮೂರು. ಅಲ್ಲಿ ನಮ್ಮ ಹಿತ್ತಿಲಿಗೂ ಆಕೆಯ ಹಿತ್ತಿಲಿಗೂ ನಡುವೆ ಎದೆಮಟ್ಟದ ಒಂದು ಗೋಡೆ. ಅಮ್ಮ ಆಕೆಯನ್ನು ಅಕ್ಕಾ ಎನ್ನುತ್ತಿದ್ದಳು, ಆದ್ದರಿಂದ ನನಗೆ ದೊಡ್ಡಮ್ಮ. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಗ, ಸೊಸೆಯ ಜೊತೆ ಇದ್ದಳು. ರಾಗಿ ಹೊಲ ಮಗನ ಪಾಲು, ಹಿತ್ತಿಲಿನ ರೇಷ್ಮೆ ಹುಳದ ಮನೆ ದೊಡ್ಡಮ್ಮನ ಪಾಲು. ಅದರೊಳಗೆ ಬೇರೆಯವರಿಗೆ ಪ್ರವೇಶವಿರಲಿಲ್ಲ. ನಾನು ತಲೆಗೆ ಹೂ ಮುಡಿದು ಬಾಗಿಲ ಹತ್ತಿರ ಹೋದರೂ "ಘಮಘಮ ಅಂತ ಬರಬೇಡ್ವೇ, ಹುಳ ಮೇವು ಬಿಡ್ತವೆ" ಎಂದು ಓಡಿಸುತ್ತಿದ್ದಳು.

ಬೇಸಿಗೆಯಲ್ಲಿ ಹುಳಕ್ಕೆ ಸೆಕೆ ಆಗಬಾರದೆಂದು ಕಿಟಕಿಗಳಿಗೆಲ್ಲ ಗೋಣಿ ಇಳಿಬಿಟ್ಟು ನೀರು ಎರಚುತ್ತಿದ್ದಳು. ಆದರೆ ಹುಳಕ್ಕೆ ಜ್ವರ ಬಂದಾಗ ತೇವ ಆಗುವುದಿಲ್ಲ. ಜ್ವರ ಎಂದರೆ ಕಾಯಿಲೆಯಲ್ಲ. ರೇಷ್ಮೆ ಹುಳ ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಆಗೆಲ್ಲ ಮೇವು ನಿಲ್ಲಿಸಿ, ತಲೆ ಎತ್ತಿ, ಅಲ್ಲಾಡದೆ ಕೂತುಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಆ ಹೊತ್ತಿಗೆ ದೊಡ್ಡಮ್ಮ ಗೋಣಿಗಳನ್ನೆಲ್ಲ ಕಿತ್ತು ತಂದು ನಮ್ಮಿಬ್ಬರ ನಡುವಿನ ಗೋಡೆಯ ಮೇಲೆ ಒಣಹಾಕುತ್ತಿದ್ದಳು. ಗೋಡೆಯ ಮೇಲೆ ಗೋಣಿ ಬಿತ್ತು ಎಂದರೆ ಇನ್ನು ಸ್ವಲ್ಪ ಹೊತ್ತಿಗೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಟೀವಿ ನೋಡಲು ಬರುತ್ತಾಳೆ ಎಂದು ಅರ್ಥ. ಮಿಕ್ಕ ದಿನಗಳಲ್ಲಿ ಆಕೆಗೆ ಟೀವಿಯೂ ಇಲ್ಲ, ಊರೂ ಇಲ್ಲ, ನೆಂಟರೂ ಇಲ್ಲ.

ಹೀಗಾಗಿ ಆಕೆ ಜೀವಮಾನದಲ್ಲಿ ನೋಡಿದ ಸಿನಿಮಾಗಳೆಲ್ಲ ಜ್ವರದ ಸಿನಿಮಾಗಳೇ. ಬಂದಾಗ ಯಾವುದು ನಡೆಯುತ್ತಿದೆಯೋ ಅದು, ಎದ್ದಾಗ ಎಲ್ಲಿಗೆ ಬಂತೋ ಅಲ್ಲಿಗೆ. ಮೊದಲು ಏನಾಗಿತ್ತೆಂದು ಕೇಳುತ್ತಿರಲಿಲ್ಲ, ಆಮೇಲೆ ಏನಾಯಿತೆಂದೂ ಕೇಳುತ್ತಿರಲಿಲ್ಲ. ನನಗೆ ಮೈ ಉರಿಯುತ್ತಿತ್ತು. ಚಿಕ್ಕಂದಿನಿಂದ ಕೊಲೆಯ ಕಥೆ ಎಂದರೆ ನನಗೆ ಪ್ರಾಣ. ಅರ್ಧ ನೋಡಿ ಎದ್ದು ಹೋಗುವವರನ್ನು ಕಂಡರೆ ಅವರನ್ನೇ ಏನಾದರೂ ಮಾಡಿಬಿಡೋಣ ಅನ್ನಿಸುತ್ತಿತ್ತು. ಆಗ ನಾನು ನರಸಾಪುರದ ಒಂದು ಕಂಪನಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದೆ. ಬೆಳಿಗ್ಗೆ ಕಂಪನಿ ಬಸ್ಸು, ಸಂಜೆ ಕಂಪನಿ ಬಸ್ಸು. ವಾರದ ರಜೆ ಬಂತೆಂದರೆ ಟೀವಿ ಮುಂದೆ ಕೂತು ಯಾರು ಕೊಲೆ ಮಾಡಿದ್ದು ಎಂದು ಪೊಲೀಸರಿಗಿಂತ ಮುಂಚೆ ಹೇಳುವುದು ನನ್ನ ದೊಡ್ಡ ಸಾಧನೆ. ಅರ್ಧಕ್ಕರ್ಧ ಸಲ ತಪ್ಪುತ್ತಿತ್ತು, ಆ ಮಾತು ಬೇರೆ.

ದೊಡ್ಡಮ್ಮನಿಗೆ ಒಬ್ಬಳು ಮಗಳಿದ್ದಳು. ನನಗಿಂತ ಸ್ವಲ್ಪ ದೊಡ್ಡವಳು, ನನ್ನ ತಲೆ ಬಾಚಿದವಳು. ಶ್ರೀನಿವಾಸಪುರದ ಕಡೆ, ಮಾವಿನ ತೋಟದವರ ಮನೆಗೆ ಕೊಟ್ಟಿದ್ದರು. ಹೆಣ್ಣುಮಗುವೂ ಆಯಿತು. ಮಗುವಿಗೆ ಇನ್ನೂ ಸರಿಯಾಗಿ ಮಾತು ಕೂಡಿ ಬರುವ ಮೊದಲೇ ಒಂದು ದಿನ ಸುದ್ದಿ ಬಂತು. ಮನೆಯ ಹಿಂದಿನ ಕೃಷಿಹೊಂಡದಲ್ಲಿ ಬಟ್ಟೆ ಒಗೆಯಲು ಹೋಗಿ ಕಾಲು ಜಾರಿದಳಂತೆ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಗಳು ನಮ್ಮ ಕಡೆ ಎಲ್ಲೆಲ್ಲೂ ಇವೆ. ಒಳಗೆ ಬಿದ್ದರೆ ಹಿಡಿದುಕೊಳ್ಳಲು ಒಂದು ಗರಿಕೆಯೂ ಸಿಗುವುದಿಲ್ಲ. ಮನೆಯಲ್ಲಿ ಯಾರೂ ಇರಲಿಲ್ಲವಂತೆ. ಇದ್ದಿದ್ದರೆ ಕೂಗು ಖಂಡಿತ ಕೇಳಿಸುತ್ತಿತ್ತು ಎಂದು ಅವಳ ಅತ್ತೆ ಎದೆ ಬಡಿದುಕೊಂಡಳು.

ಮಣ್ಣು ಮಾಡಿದ ಮೇಲೆ ಅವಳ ಸೀರೆ, ಬಳೆ, ಚಪ್ಪಲಿಗಳನ್ನು ಒಂದು ಚೀಲದಲ್ಲಿ ಹಾಕಿ ದೊಡ್ಡಮ್ಮನಿಗೆ ಕೊಟ್ಟರು. ಚಪ್ಪಲಿ ಬಾಗಿಲಲ್ಲೇ ಬಿಟ್ಟಿದ್ದಳು ಎಂದರು. ದೊಡ್ಡಮ್ಮ ಆ ಚಪ್ಪಲಿಗಳನ್ನು ತಿರುಗಿಸಿ ತಿರುಗಿಸಿ ನೋಡಿದ್ದು ನನಗೆ ನೆನಪಿದೆ. ಮಗಳಿಗೆ ಹಿಮ್ಮಡಿ ಬಿರಿದು ರಕ್ತ ಬರುತ್ತಿತ್ತು. ಮದುವೆಗೆ ಮುಂಚೆಯೂ ಅಂಗಳಕ್ಕೆ ಇಳಿಯಬೇಕಾದರೆ ಚಪ್ಪಲಿ ಹುಡುಕುತ್ತಿದ್ದವಳು ಅವಳು.

ಆದರೆ ದೊಡ್ಡಮ್ಮ ಏನೂ ಕೇಳಲಿಲ್ಲ. ಕೇಳಲು ಬಿಡಲಿಲ್ಲ. ಆಕೆಯ ತಮ್ಮ, ಊರಲ್ಲಿ ನಾಲ್ಕು ಜನ ಕರೆದು ಕೂರಿಸುವ ಮನುಷ್ಯ, ಜಗಲಿಯ ಮೇಲೆ ಕೂತು ಅಕ್ಕನಿಗೆ ತಿಳಿಹೇಳಿದ್ದನ್ನು ನಾನೇ ಕೇಳಿದ್ದೇನೆ. "ಹೋದೋಳು ಹೋದ್ಲು ಕಣಕ್ಕ. ಮಗು ಅವರ ಮನೇಲೈತೆ. ನೀನು ಬಾಯಿ ಬಿಟ್ರೆ ನಾಳೆಯಿಂದ ಅದರ ಮುಖ ತೋರಿಸಲ್ಲ. ನಿಂಗೆ ಮೊಮ್ಮಗಳು ಬೇಕೋ ಬೇಡ್ವೋ ನೀನೇ ನೋಡ್ಕೋ." ದೊಡ್ಡಮ್ಮ ನೋಡಿಕೊಂಡಳು. ಬೇಸಿಗೆ ರಜೆಯಲ್ಲಿ ಮಗು ಕೆಲವು ದಿನ ಇಲ್ಲಿಗೆ ಬರುತ್ತಿತ್ತು. ಹಿರಿಯರ ಹಬ್ಬಕ್ಕೆ ದೊಡ್ಡಮ್ಮ ಅಲ್ಲಿಗೆ ಹೋಗಿ, ಮಗಳ ಫೋಟೋ ಮುಂದೆ ಎಡೆ ಇಟ್ಟದ್ದನ್ನು ನೋಡಿ, ಉಂಡು ಬರುತ್ತಿದ್ದಳು. ಮರುವರ್ಷವೇ ಅಳಿಯ ಇನ್ನೊಂದು ಮದುವೆಯಾದ. ಆ ಮದುವೆಗೂ ಹೋಗಿ ಅಕ್ಷತೆ ಹಾಕಿ ಬಂದಳು.

ಆ ಸಿನಿಮಾ ನೋಡಿದ್ದು ಇದಾಗಿ ಮೂರ್ನಾಲ್ಕು ವರ್ಷದ ಮೇಲೆ. ನಾಲ್ಕನೇ ಜ್ವರ, ಗೋಣಿಗಳು ಗೋಡೆಯ ಮೇಲೆ ಬಿದ್ದಿದ್ದವು. ಮಧ್ಯಾಹ್ನ. ಟೀವಿಯಲ್ಲಿ ಒಂದು ಹಳೆಯ ಕಪ್ಪುಬಿಳುಪು ತೆಲುಗು ಚಿತ್ರ ಆಗಷ್ಟೇ ಶುರುವಾಗಿತ್ತು. ನಾನೂ ನೋಡಿರಲಿಲ್ಲ. ನಮ್ಮ ಕಡೆ ತೆಲುಗು ಯಾರೂ ಕಲಿಯುವುದಿಲ್ಲ, ಎಲ್ಲರಿಗೂ ಬಂದಿರುತ್ತದೆ. ಬೆಟ್ಟದ ಮೇಲೊಂದು ಬಂಗಲೆ, ಅದರಲ್ಲೊಬ್ಬ ಜಮೀನ್ದಾರ, ಓದುವ ಮೇಜಿನ ಮೇಲೆ ತಲೆಯಿಟ್ಟು ಸತ್ತುಬಿದ್ದಿದ್ದಾನೆ. ಮನೆ ತುಂಬ ನೆಂಟರು. ಅವನ ಹಳೆಯ ವಕೀಲ ಕಾಗದಪತ್ರಕ್ಕೆ ಸಹಿ ಹಾಕಿಸಲೆಂದು ಬಂದವನು ಅಲ್ಲೇ ಉಳಿದುಕೊಂಡು ವಿಚಾರಿಸತೊಡಗುತ್ತಾನೆ. ಬಕ್ಕತಲೆ, ಡೊಳ್ಳುಹೊಟ್ಟೆ, ಕಿವಿ ಬೇರೆ ಮಂದ. ಪ್ರತಿಯೊಬ್ಬರ ಉತ್ತರಕ್ಕೂ ಕಿವಿಗೆ ಕೈ ಅಡ್ಡ ಹಿಡಿದು "ಏನಂದ್ರಿ?" ಎನ್ನುತ್ತಾನೆ. ಅವರು ಇನ್ನೊಂದು ಸಲ ಕೂಗಿ ಹೇಳಬೇಕು. ಅಡುಗೆಯವಳನ್ನು ಕೊಲೆಯ ವಿಷಯ ಬಿಟ್ಟು ಸಾಂಬಾರಿಗೆ ಏನು ತರಕಾರಿ ಹಾಕಿದ್ದೆ ಎಂದು ಕೇಳುತ್ತಾನೆ. ಸತ್ತವನ ನಾದಿನಿಯನ್ನು ಅಳುವುದಕ್ಕೆ ಮುಂಚೆ ಮುಖಕ್ಕೆ ಪೌಡರ್ ಹಾಕಿಕೊಂಡಿರೋ ಆಮೇಲೋ ಎಂದು ಕೇಳುತ್ತಾನೆ. ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅಂಥ ಮಾತುಗಾರಿಕೆ ಈಗಿನ ಯಾವ ಸಿನಿಮಾದಲ್ಲಿದೆ ಹೇಳಿ.

ದೊಡ್ಡಮ್ಮ ನಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು. "ಇವನು ಸತ್ತೋನಿಗೆ ಏನಾಗ್ಬೇಕು?"

"ಏನೂ ಆಗ್ಬೇಕಿಲ್ಲ ದೊಡ್ಡಮ್ಮ. ವಕೀಲ, ಅಷ್ಟೇ."

"ಏನೂ ಆಗ್ದೆ ಕೇಳ್ತಾವ್ನಾ?"

ನಾನು ಹೌದೆಂದೆ. ಆಕೆ ಕಾಲು ಮಡಿಚಿಕೊಂಡು ಇನ್ನಷ್ಟು ಹತ್ತಿರಕ್ಕೆ ಸರಿದು ಕೂತಳು. ವಕೀಲ ಸತ್ತವನ ಕನ್ನಡಕವನ್ನು ಡಬ್ಬಿಯಿಂದ ತೆಗೆದು, ಓದುತ್ತಾ ಓದುತ್ತಾ ಸತ್ತ ಅಂತೀರಲ್ಲ, ಕನ್ನಡಕ ಡಬ್ಬಿಯೊಳಗೇ ಇತ್ತಲ್ಲ ಎಂದು ತನ್ನ ಮೂಗಿಗೆ ಹಾಕಿಕೊಂಡು ಕೋತಿಯ ಹಾಗೆ ಕಣ್ಣು ಬಿಟ್ಟ. ನಾನು ಮತ್ತೆ ನಕ್ಕೆ. ಪಕ್ಕಕ್ಕೆ ನೋಡಿದರೆ ದೊಡ್ಡಮ್ಮನ ಬಾಯಿ ಸ್ವಲ್ಪ ತೆರೆದಿತ್ತು. ಆಕೆಯ ನೋಟ ಪರದೆಯ ಮೇಲಿದ್ದರೂ ಮನಸ್ಸು ಎಲ್ಲಿಗೆ ಹೋಗಿತ್ತು ಎನ್ನುವುದು ನನಗೆ ಆಗಲೇ ಗೊತ್ತಾಯಿತು… ಆ ಚಪ್ಪಲಿಗಳು ನನ್ನ ಕಣ್ಣಮುಂದೆಯೂ ಬಂದವು. ನಗು ಅಲ್ಲಿಗೇ ನಿಂತಿತು.

"ಎಲ್ಲಾರೂ ಕೂತ್ಕೊಂಡು ಉತ್ತರ ಕೊಡ್ತಾವ್ರೆ ನೋಡೇ" ಎಂದಳು. "ಒಬ್ರೂ ಎದ್ದು ಹೋಗಲ್ಲ." ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಅವನಿಗೆ ಕಿವಿ ಚೆನ್ನಾಗೇ ಕೇಳ್ತದೆ ಕಣೇ."

"ಇಲ್ಲ ದೊಡ್ಡಮ್ಮ, ಕಿವುಡ ಅವನು. ಮೊದಲಲ್ಲೇ ಹೇಳಿದ್ರಲ್ಲ."

"ಕೇಳ್ತದೆ. ಎರಡನೇ ಸಲ ಏನ್ ಹೇಳ್ತಾರೆ ಅಂತ ನೋಡ್ತಾವ್ನೆ."

ಕೊಲೆಯ ಕಥೆಯಲ್ಲಿ ಯಾರಾದರೂ ನನಗಿಂತ ಬುದ್ಧಿವಂತಿಕೆ ತೋರಿಸಿದರೆ ನನಗೆ ಆಗಿಬರುವುದಿಲ್ಲ. ಸುಮ್ಮನಿರು ಎಂದೆ. ಕೊನೆಗೆ ವಕೀಲ ಎಲ್ಲರನ್ನೂ ಹಾಲ್‌ಗೆ ಕರೆಸಿದ. ಬಾಗಿಲು ಹಾಕಿಸಿದ. ಎಲ್ಲರ ಮುಖವನ್ನೂ ಒಂದೊಂದಾಗಿ ನೋಡುತ್ತಾ ಗಂಟಲು ಸರಿಮಾಡಿಕೊಂಡ. ಕರೆಂಟು ಹೋಯಿತು.

ನಾನು ಕರೆಂಟಿನವರಿಗೆ ಬಾಯಿಗೆ ಬಂದಂತೆ ಬೈದೆ. ದೊಡ್ಡಮ್ಮ ಎದ್ದು ಸೀರೆ ಕೊಡವಿಕೊಂಡಳು. ಯಾರು ಕೊಂದಿರಬಹುದೆಂದು ಒಂದು ಮಾತೂ ಕೇಳಲಿಲ್ಲ. ಹುಳ ಏಳುವ ಹೊತ್ತಾಯಿತೆಂದು ಹೋದಳು. ಆದರೆ ಆವತ್ತಿನಿಂದ ಸೊಪ್ಪು ಕೀಳುವಾಗ, ಗೋಡೆಗೆ ಒರಗಿ ನಿಂತಾಗ, ಆ ವಕೀಲನ ವಿಷಯವನ್ನೇ ಎತ್ತುತ್ತಿದ್ದಳು. ಮೊದಲು ಯಾರನ್ನು ಕೇಳಿದ, ಆಮೇಲೆ ಯಾರನ್ನು. ಕೊಲೆ ಅನ್ನುವ ಮಾತನ್ನು ಅವನು ಬಾಯಲ್ಲೇ ತರಲಿಲ್ಲ ಅಲ್ಲವಾ… ಮಾಡಿದ ಸಾರಿನಿಂದ ಶುರುಮಾಡಿದ ಅಲ್ಲವಾ… ನನಗಿಂತ ಚೆನ್ನಾಗಿ ಅವಳಿಗೇ ನೆನಪಿತ್ತು. ಜೀವಮಾನದಲ್ಲಿ ಮೊದಲ ಸಲ ಒಂದು ಸಿನಿಮಾ ಆಕೆಯ ತಲೆಯೊಳಗೆ ಉಳಿದುಕೊಂಡಿತ್ತು.

ಹಿರಿಯರ ಹಬ್ಬದ ಹಿಂದಿನ ದಿನ ಬಂದು, ನಾಳೆ ನನ್ನ ಜೊತೆ ಬೀಗರ ಮನೆಗೆ ಬರುತ್ತೀಯಾ ಎಂದು ಕೇಳಿದಳು. ಏನು ಮಾಡಲು ಹೊರಟಿದ್ದಾಳೆ ಎಂದು ಹೇಳಿದಳು. ಮಗುವನ್ನು ಮತ್ತೆ ತೋರಿಸದಿದ್ದರೆ, ಎಂದೆ ನಾನು. "ಗೊತ್ತು" ಎಂದಳು. "ಮಗೂಗೆ ನಾಳೆ ಬುದ್ಧಿ ಬಂದು, ಅಜ್ಜಿ ನೀನು ಕೇಳ್ಲಿಲ್ವಾ ಅಂದ್ರೆ ಏನ್ ಹೇಳ್ಲಿ." ನಾನು ರಜೆ ಹಾಕಿದೆ. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಒಂದು ಆಸೆ ಹುಟ್ಟಿತ್ತು. ಸರಿಯಾಗಿ ಕೇಳಿದರೆ ಸತ್ಯ ತಾನಾಗಿ ಹೊರಗೆ ಬರುತ್ತದೆ, ಬಂದ ಮೇಲೆ ಯಾರಾದರೂ ಏನಾದರೂ ಮಾಡುತ್ತಾರೆ ಎಂದು ಅಷ್ಟು ಸಿನಿಮಾ ನೋಡಿ ನಾನೂ ನಂಬಿದ್ದೆ.

ಹಿರಿಯರ ಹಬ್ಬದ ದಿನ ನಮ್ಮ ಕಡೆ ಒಂದು ಪದ್ಧತಿಯಿದೆ. ಸತ್ತವರ ಫೋಟೋ ಮುಂದೆ ಹೊಸಬಟ್ಟೆ ಇಟ್ಟು, ಬಾಳೆಲೆ ಹಾಸಿ, ಅವರವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸುತ್ತಾರೆ. ಧೂಪ ಹಾಕುತ್ತಾರೆ. ಆಮೇಲೆ ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಿಬಿಡುತ್ತಾರೆ. ಬದುಕಿರುವವರು ನೋಡುತ್ತಿದ್ದರೆ ಸತ್ತವರು ಬಂದು ಉಣ್ಣುವುದಿಲ್ಲ. ಅವರ ಊಟ ಆಗುವವರೆಗೂ ಮನೆಯ ಒಬ್ಬರೂ ಎಲ್ಲಿಗೂ ಹೋಗದೆ ಬಾಗಿಲ ಮುಂದೆ ಕಾಯಬೇಕು. ಆಮೇಲೆ ಹಿರಿಯರೊಬ್ಬರು ಕೆಮ್ಮಿ, ಬಾಗಿಲು ತಟ್ಟಿ, "ಆಯ್ತೇನ್ರಪ್ಪಾ ಊಟ" ಎಂದು ಕೇಳಿ ನಿಧಾನವಾಗಿ ತೆಗೆಯುತ್ತಾರೆ. ಇಡೀ ಮನೆಯವರು ಒಂದೇ ಕಡೆ ಸೇರಿ, ಎದ್ದು ಹೋಗುವ ಹಾಗಿಲ್ಲದೆ ಕೂರುವುದು ವರ್ಷಕ್ಕೆ ಅದೊಂದೇ ಹೊತ್ತು. ದೊಡ್ಡಮ್ಮ ಆರಿಸಿಕೊಂಡದ್ದು ಅದನ್ನು.

ನಾವು ಹೋದಾಗ ಎಡೆ ಸಿದ್ಧವಾಗಿತ್ತು. ಮಗಳ ಫೋಟೋಗೆ ಕನಕಾಂಬರ, ಮುಂದೆ ಹಸಿರು ಸೀರೆ, ಗಾಜಿನ ಬಳೆ. ಎಲೆಯ ಮೇಲೆ ಮುದ್ದೆ, ಬಾಡಿನ ಸಾರು, ವಡೆ, ಕಜ್ಜಾಯ. ಅದರಲ್ಲಿ ಏನೂ ಕೊರತೆ ಮಾಡಿರಲಿಲ್ಲ, ಅದನ್ನು ಹೇಳಲೇಬೇಕು. ಧೂಪ ಹಾಕಿ ಎಲ್ಲರೂ ಹೊರಗೆ ಅಂಗಳಕ್ಕೆ ಬಂದು ಕೂತರು. ಬೀಗಿತ್ತಿ, ಬೀಗರು, ಅಳಿಯ, ಅವನ ಹೊಸ ಹೆಂಡತಿ. ಮೊಮ್ಮಗಳು ಓಡಿ ಬಂದು ದೊಡ್ಡಮ್ಮನ ತೊಡೆಯ ಮೇಲೆ ಕೂತಳು. ಅವಳಿಗೆ ಆಗ ಆರೇಳು ವರ್ಷ. ಅಜ್ಜಿ ತಂದುಕೊಟ್ಟ ರೇಷ್ಮೆಗೂಡನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಿದ್ದಳು. ಬಿಸಿಲಿಗೆ ಹಾಕಿದರೆ ಒಳಗಿನ ಹುಳ ಸತ್ತು ಒಣಗಿ, ಗೂಡು ಗಿಲಕಿಯ ಹಾಗೆ ಸದ್ದು ಮಾಡುತ್ತದೆ.

ಬಾಗಿಲು ಮುಚ್ಚಿದರು.

"ಅಕ್ಕಾ, ಆವತ್ತು ಏನ್ ಸಾರು ಮಾಡಿದ್ರಿ?" ದೊಡ್ಡಮ್ಮನ ದನಿ ಎಂದಿನ ಹಾಗೇ ಇತ್ತು.

"ಯಾವತ್ತು?" ಎಂದಳು ಬೀಗಿತ್ತಿ.

"ನನ್ ಮಗಳು ಹೋದ ದಿನ."

ಬೀಗಿತ್ತಿ ಮಗನತ್ತ ತಿರುಗಿ ತೆಲುಗಿನಲ್ಲಿ "ಈಯಮ್ಮಕು ಏಮಯಿಂದಿರಾ" ಎಂದು ಗೊಣಗಿದಳು, ಈಯಮ್ಮನಿಗೆ ಏನಾಯಿತೋ ಎಂದು. ದೊಡ್ಡಮ್ಮ ಅದೇ ತೆಲುಗಿನಲ್ಲಿ ಏನೂ ಆಗಿಲ್ಲ ಎಂದಳು. ಬೀಗಿತ್ತಿಯ ಮುಖ ಬಿಗಿಯಿತು. "ಒಳಗೆ ಹಿರಿಯರು ಉಣ್ತಾವ್ರೆ. ಈ ಹೊತ್ನಲ್ಲಿ ಯಾಕಮ್ಮ ಆ ಮಾತು."

"ಅವ್ಳೂ ಉಣ್ತಾವ್ಳಲ್ಲ ಅಕ್ಕಾ. ಕೇಳಿಸ್ಕೊಳ್ಳಲಿ ಅಂತ್ಲೇ ಕೇಳ್ತಿದ್ದೀನಿ. ಬೇರೆ ಏನೂ ಅಲ್ಲ, ತಿಂದು ಹೋದ್ಲೋ ಹಸ್ಕೊಂಡು ಹೋದ್ಲೋ ಅಂತ ಒಂದು ಯೋಚ್ನೆ ನಂಗೆ."

ಇದಕ್ಕೆ ಸಿಟ್ಟಾಗುವುದು ಹೇಗೆ? ತಾಯಿಯೊಬ್ಬಳು ಕೇಳಬಹುದಾದ ಮಾತೇ. ಬೀಗಿತ್ತಿ ಮುಚ್ಚಿದ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ನಂಗೆ ಹೆಂಗಮ್ಮ ಗೊತ್ತಾಗ್ಬೇಕು, ಬೆಳಿಗ್ಗೆಯೇ ನಾನು ಸಂತೆಗೆ ಹೋಗಿದ್ದೆ" ಎಂದಳು.

ದೊಡ್ಡಮ್ಮ ಕಿವಿಗೆ ಕೈ ಅಡ್ಡ ಹಿಡಿದಳು. "ಏನಂದ್ರಿ? ಈಚೆಗೆ ಕಿವಿ ಸರಿಯಾಗಿ ಕೇಳಿಸಲ್ಲ."

ಬೀಗರು ಒಳ್ಳೆಯ ಮನುಷ್ಯ. ದೂರದಲ್ಲಿ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಹೆಂಡತಿ ತಗ್ಗಿದ ದನಿಯಲ್ಲಿ ಹೇಳಿದ್ದು ಅವರಿಗೂ ಕೇಳಿಸಿರಲಿಲ್ಲವೋ ಏನೋ. ಕಿವುಡಿಗೆ ತಿಳಿಯಲಿ ಎಂದು ಗಟ್ಟಿಯಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದರು. "ಇವಳಿಗೇನೂ ಗೊತ್ತಿಲ್ಲಮ್ಮಾ. ಆವತ್ತು ಮಂಡಿನೋವು ಅಂತ ಮನೇಲೇ ಮಲಗಿದ್ಲು. ಎದ್ದೇ ಇರ್ಲಿಲ್ಲ."

ಹೊಸ ಸೊಸೆ ತಲೆಯೆತ್ತಿ ಅತ್ತೆಯ ಮುಖ ನೋಡಿದಳು, ಮತ್ತೆ ತಲೆ ತಗ್ಗಿಸಿದಳು. ಇಷ್ಟು ವರ್ಷ ಒಬ್ಬರೂ ಕೇಳಿರಲಿಲ್ಲ, ಆದ್ದರಿಂದ ಗಂಡ ಹೆಂಡತಿಗೆ ತಮ್ಮ ಉತ್ತರಗಳನ್ನು ತಾಳೆ ಹಾಕಿ ಇಟ್ಟುಕೊಳ್ಳುವ ಅಗತ್ಯವೇ ಬಿದ್ದಿರಲಿಲ್ಲ. ಇನ್ನೇನು, ಎಂದುಕೊಂಡೆ. ಇನ್ನು ಯಾರಾದರೂ ಒಬ್ಬರು ಬಾಯಿ ಬಿಡುತ್ತಾರೆ.

"ಚಪ್ಪಲಿ ಬಾಗಿಲಲ್ಲೇ ಇದ್ವಲ್ಲ ಅಳಿಯಂದ್ರೇ" ಎಂದಳು ದೊಡ್ಡಮ್ಮ. "ಹಿಮ್ಮಡಿ ಒಡ್ಕಂಡಿದ್ದೋಳು ಬರಿಗಾಲಲ್ಲಿ ಯಾಕೆ ಹೋದ್ಲು?"

ಅಳಿಯ ಎದ್ದ. ಮೊದಲು ಮಗಳನ್ನು ಕರೆದ, "ಬಾ ಇಲ್ಲಿ." ಮಗು ಅಜ್ಜಿಯ ತೊಡೆಯಿಂದ ಇಳಿದು ಹೋಯಿತು. ಅವಳನ್ನು ಹೆಂಡತಿಯ ಕೈಗೆ ಕೊಟ್ಟು ಪಕ್ಕದ ಮನೆಯ ಕಡೆ ಸನ್ನೆ ಮಾಡಿದ. ಆಮೇಲೆ ನೇರವಾಗಿ ಹೋಗಿ, ಕೆಮ್ಮದೆ, ತಟ್ಟದೆ, ಬಾಗಿಲು ತೆರೆದುಬಿಟ್ಟ. ಧೂಪದ ಹೊಗೆ ಹೊರಗೆ ಬಂತು. ಎಲೆಗಳ ಮೇಲಿನ ಸಾರು ಇನ್ನೂ ಹೊಗೆಯಾಡುತ್ತಿತ್ತು.

"ಇನ್ನೂ ಅವಳ ಊಟ ಆಗಿಲ್ಲ ಅಳಿಯಂದ್ರೇ" ಎಂದಳು ದೊಡ್ಡಮ್ಮ.

"ಆಯ್ತು ಅತ್ತೆ" ಎಂದ ಅವನು. "ಎಲ್ಲಾ ಆಯ್ತು. ಏಳಿ, ಊಟ ಮಾಡಿ."

ಸಿನಿಮಾದಲ್ಲಿ ಸುಳ್ಳು ಸಿಕ್ಕಿಬಿದ್ದರೆ ಕಥೆ ಮುಗಿಯುತ್ತದೆ. ಇಲ್ಲಿಯೂ ಸಿಕ್ಕಿತು. ಅಲ್ಲಿದ್ದವರೆಲ್ಲ ನೋಡಿದರು. ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ, ಅದು ಅಂಗಳದಲ್ಲಿ ಹಾಗೇ ಬಿದ್ದಿತ್ತು, ಅದನ್ನು ದಾಟಿಕೊಂಡು ಎಲ್ಲರೂ ಊಟಕ್ಕೆ ಹೋದರು. ನಾವೂ ಹೋದೆವು. ಬೀಗರು ಬೇಡವೆಂದರೂ ದೊಡ್ಡಮ್ಮನಿಗೆ ಇನ್ನೊಂದು ಮುದ್ದೆ ಹಾಕಿಸಿದರು. ಬಾಯಿ ತಪ್ಪಿ ಬಂದ ಆ ಮಾತಿಗೋಸ್ಕರ ಅವರು ಆಮೇಲೆ ಏನು ಅನುಭವಿಸಿದರೋ ನನಗೆ ಗೊತ್ತಿಲ್ಲ. ಹೊರಡುವಾಗ ದೊಡ್ಡಮ್ಮ ಮಗುವನ್ನು ಕರೆಯಿರಿ ಎಂದಳು. ಮಲಗಿದ್ದಾಳೆ ಎಂದರು.

ಬಸ್ಸು ಹತ್ತಿದೆವು. ಮಾವಿನ ತೋಟಗಳೆಲ್ಲ ಹಿಂದೆ ಹೋದ ಮೇಲೆ, "ಗೊತ್ತಾಯ್ತು ಕಣೇ" ಎಂದಳು.

"ಏನ್ ಗೊತ್ತಾಯ್ತು ದೊಡ್ಡಮ್ಮ?"

"ಅವಳು ಕೂಗಿದಾಗ ಮನೇಲಿ ಜನ ಇದ್ರು."

ಆಕೆಯ ಕೈ ಹಿಡಿದುಕೊಂಡೆ. ಆ ಕೈಯಲ್ಲಿ ಬಾಡಿನ ಸಾರಿನ ವಾಸನೆಯಿತ್ತು.

ಆಮೇಲೆ ನಡೆದದ್ದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಆಕೆಯ ತಮ್ಮ ಬಂದು ಕುಣಿದಾಡಿದ. ಸಂತೆಯ ಮಾತು, ಮಂಡಿನೋವಿನ ಮಾತು ಎರಡನ್ನೂ ನಾನೇ ಬಿಡಿಸಿ ಹೇಳಿದೆ. "ಹಳೇದಲ್ವೇನೇ, ಮರ್ತಿರ್ತಾರೆ" ಎಂದ. ಕೋಲಾರದಲ್ಲಿ ಒಬ್ಬ ನಿಜವಾದ ವಕೀಲರ ಹತ್ತಿರವೂ ಹೋದೆವು. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಒಂದು ಸಲವೂ ಏನಂದ್ರಿ ಎನ್ನಲಿಲ್ಲ. "ಸಂತೆಗೆ ಹೋಗಿದ್ರೋ ಮಲಗಿದ್ರೋ, ಅದರಿಂದ ಏನೂ ಆಗಲ್ಲಮ್ಮ" ಎಂದು ಎದ್ದುನಿಂತು ಕೈ ಮುಗಿದರು. ಅವರು ಹೇಳಿದ್ದು ಸರಿಯಿದ್ದಿರಬಹುದು. ಸರಿಯಾದ ಮಾತುಗಳ ಮೇಲೆ ನನಗೆ ಅಷ್ಟು ಸಿಟ್ಟು ಅದಕ್ಕೆ ಮುಂಚೆ ಯಾವತ್ತೂ ಬಂದಿರಲಿಲ್ಲ.

ಹಬ್ಬ ಕಳೆದು ಬಂದ ಬೇಸಿಗೆ ರಜೆಯಲ್ಲಿ ಮಗು ಬರಲಿಲ್ಲ. ಮುಂದಿನ ಬೇಸಿಗೆಯಲ್ಲೂ ಬರಲಿಲ್ಲ. ಹಿರಿಯರ ಹಬ್ಬಕ್ಕೆ ಬರಬೇಡಿರೆಂದು ಹೇಳಿಕಳಿಸಿದರು. ದೊಡ್ಡಮ್ಮ ಪ್ರತಿ ಬೆಳೆಗೂ ಮೊಮ್ಮಗಳಿಗೆಂದು ಒಂದೆರಡು ಒಳ್ಳೆಯ ಗೂಡು ತೆಗೆದು ಕಿಟಕಿಯಲ್ಲಿಡುತ್ತಿದ್ದಳು. ಅವನ್ನು ಬಿಸಿಲಿಗೆ ಹಾಕುವುದನ್ನು ಮಾತ್ರ ಮರೆಯತೊಡಗಿದಳು. ಒಳಗಿನ ಚಿಟ್ಟೆ ಒಡೆದುಕೊಂಡು ಹೋಗಿ ಕಿಟಕಿಯ ತುಂಬ ತೂತುಬಿದ್ದ ಗೂಡುಗಳು. ಜ್ವರ ಬಂದಾಗ ಗೋಣಿ ಗೋಡೆಯ ಮೇಲೆ ಬೀಳುತ್ತಿತ್ತು, ಆಕೆ ಬಂದು ಟೀವಿ ಮುಂದೆ ಕೂರುತ್ತಿದ್ದಳು, ನೋಡುತ್ತಿರಲಿಲ್ಲ. ಆ ಸಿನಿಮಾದ ಕೊನೆ ಫೋನಿನಲ್ಲಿ ಸಿಗುತ್ತದೇನೋ ಹುಡುಕಲೇ ಎಂದು ಒಂದು ಸಲ ಕೇಳಿದೆ. ಬೇಡ ಎಂದಳು. "ಕೇಳಿದ್ದು ತಪ್ಪಾಯ್ತೇನೇ" ಎಂದೂ ಒಂದು ಸಲ ಕೇಳಿದಳು. ತಪ್ಪಲ್ಲ ಎಂದೆ. ನಾನು ಹಾಗೆ ಹೇಳಿದ್ದರಿಂದ ಆಕೆಗೆ ಮೊಮ್ಮಗಳೇನೂ ಸಿಗಲಿಲ್ಲ.

ನಾನು ಮದುವೆಯಾಗಿ ಕೋಲಾರಕ್ಕೆ ಬಂದೆ. ಹೋದ ವರ್ಷ, ಚಳಿ ಶುರುವಾಗುವ ಹೊತ್ತಿಗೆ, ದೊಡ್ಡಮ್ಮ ಹೋದಳು. ನಿಜವಾದ ಜ್ವರವೇ ಬಂದಿತ್ತು, ನಾಲ್ಕು ದಿನ ಮಲಗಿದ್ದಳಂತೆ. ಅಳಿಯ ಒಬ್ಬನೇ ಬಂದಿದ್ದ. ಮಣ್ಣು ಹಾಕಿ ಕೈ ತೊಳೆದುಕೊಳ್ಳುತ್ತಿದ್ದಾಗ ಅಮ್ಮ ಮಗುವಿನ ವಿಷಯ ಕೇಳಿದಳು. ಪರೀಕ್ಷೆ ನಡೆಯುತ್ತಿದೆ ಎಂದ. ಆವತ್ತು ಭಾನುವಾರ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಯಾರೂ ಏನೂ ಅನ್ನಲಿಲ್ಲ, ನಾನೂ ಸೇರಿದಂತೆ.

ಹುಳದ ಮನೆಯನ್ನು ಈಗ ಅವಳ ಮಗ ಟೊಮೆಟೊ ಕ್ರೇಟು ಇಡಲು ಬಳಸುತ್ತಾನೆ. ಗೋಡೆ ಬರಿದಾಗಿದೆ.

ಮಾರುಕಟ್ಟೆಯಿಂದ ಬಂದ ಆ ಮಧ್ಯಾಹ್ನ ಕೊತ್ತಂಬರಿ ಇಲ್ಲದ ಸಾರು ಮಾಡಿಟ್ಟು, ಫೋನಿನಲ್ಲಿ ಆ ಚಿತ್ರ ಹುಡುಕಿದೆ. ಸಿಕ್ಕಿತು. ಕರೆಂಟು ಹೋದ ಜಾಗದಿಂದಲೇ ಮುಂದಕ್ಕೆ ನೋಡಿದೆ. ವಕೀಲ ಗಂಟಲು ಸರಿಮಾಡಿಕೊಂಡು ಮಾತು ಶುರುಮಾಡಿದ. ದೂರದ ಮೂಲೆಯಲ್ಲಿ ಇಬ್ಬರು ಪಿಸುಗುಟ್ಟಿದರು. ಅವನು ಹಿಂದೆ ತಿರುಗದೆಯೇ ಆ ಪಿಸುಮಾತಿಗೆ ಉತ್ತರ ಕೊಟ್ಟ. ಅವನ ಕಿವಿ ಚೆನ್ನಾಗೇ ಕೇಳುತ್ತಿತ್ತು. ದೊಡ್ಡಮ್ಮ ಹೇಳಿದ್ದೇ ನಿಜ, ನಾನೇ ಸುಮ್ಮನಿರು ಎಂದಿದ್ದೆ. ಆಮೇಲೆ ಎಲ್ಲರ ಮೊದಲ ಉತ್ತರವನ್ನೂ ಎರಡನೇ ಉತ್ತರವನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ. ಒಬ್ಬನ ಎರಡು ಉತ್ತರಗಳು ಕೂಡಲಿಲ್ಲ. ಅವನು ಬೆವರಿದ, ಅತ್ತ, ಒಪ್ಪಿಕೊಂಡ. ಪೊಲೀಸರು ಕರೆದುಕೊಂಡು ಹೋದರು. ವಕೀಲ ಕೊನೆಗೊಂದು ತಮಾಷೆ ಮಾಡಿದ, ಉಳಿದವರೆಲ್ಲ ನಕ್ಕರು, ಮುಗಿಯಿತು.

ನಾನು ಹಿಂದಕ್ಕೆ ಹೋಗಿ ಇನ್ನೊಂದು ಸಲ ನೋಡಿದೆ. ಯಾರು ಕೊಂದದ್ದು ಎಂದು ತಿಳಿಯಲು ಅಲ್ಲ. ಬಾಗಿಲನ್ನು ನೋಡಲು. ವಕೀಲ ಕೇಳಿ ಮುಗಿಸುವವರೆಗೂ, ಕೊಂದವನು ಒಪ್ಪಿಕೊಳ್ಳುವವರೆಗೂ, ಆ ಹಾಲ್‌ನ ಬಾಗಿಲು ಮುಚ್ಚಿಯೇ ಇತ್ತು. ಒಬ್ಬರೂ ಎದ್ದು ಹೋಗಿ ಅದನ್ನು ತೆರೆಯಲಿಲ್ಲ.